ಕಡಿ ಅಂದೋರ ಮೊದಲ ಏಟು

ಹಳೇ ಕೋಟೆ ಊರಿನ ಹುಣಸೆಮರದ ತುಂಬ ಕೊಕ್ಕರೆ ಗೂಡು. ಅವುಗಳ ಅಧ್ಯಯನಕ್ಕೂ, ನೋಡಲು ಬರುವ ಪ್ರವಾಸಿಗರಿಗೂ ಅಲ್ಲೊಂದು ಕೇಂದ್ರ ಮಂಜೂರಾಯಿತು. ನಕ್ಷೆ ಬರೆದ ಸಾಹೇಬರು ಬಂದು ಅಳೆದರೆ, ಮರ ಸರಿಯಾಗಿ ಹೆಬ್ಬಾಗಿಲ ಜಾಗದಲ್ಲೇ ನಿಂತಿದೆ!

“ಕಡಿ,” ಎಂದರು ಮರ ಕಡಿಯುವ ಜವರಯ್ಯನಿಗೆ.

“ಮರಿಗಳವೆ ಬುದ್ಧಿ. ಬಾಗಿಲನ್ನೇ ಹತ್ತು ಮಾರು ಆಚೆಗಿಟ್ಟರೆ?”

“ನಕ್ಷೆ ಬದಲಾಗಲ್ಲ. ಮಧ್ಯಾಹ್ನದೊಳಗೆ ಮರ ಬೀಳದಿದ್ದರೆ, ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಪೊಲೀಸರಿಗೆ ಒಪ್ಪಿಸ್ತೀನಿ.”

ಊರೆಲ್ಲ ಮರದ ಸುತ್ತ ಸೇರಿತು. ಜವರಯ್ಯ ಕೊಡಲಿ ಮಸೆದ. ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿದ. ಆಮೇಲೆ, ಸಾಹೇಬರು ಮಂತ್ರಿಗಳಿಗೆ ತೋರಿಸಿ ಸಹಿ ಪಡೆದು ತಂದಿದ್ದ, ಕೇಂದ್ರದ ಬಣ್ಣದ ಚಿತ್ರವನ್ನು ಕೇಳಿ ಈಸಿಕೊಂಡ. ಅದನ್ನು ಏಟು ಬೀಳುವ ಜಾಗಕ್ಕೆ ಕಟ್ಟಿ, ಕೊಡಲಿಯನ್ನು ಅವರಿಗೇ ಚಾಚಿದ.

“ಮೊದಲನೇ ಏಟು ಕಡಿ ಅಂದೋರದ್ದು. ನಮ್ಮೂರ ಪದ್ಧತಿ.”

ಸಾಹೇಬರು ಸಿಟ್ಟಿನಿಂದ ಕೊಡಲಿ ಎತ್ತಿದರು. ಕಣ್ಣು ಚಿತ್ರದ ಮೇಲೆ ಬಿತ್ತು. ಚೆಂದದ ಕಟ್ಟಡ. ಅದರ ಮುಂದೆ ಇದೇ ಹುಣಸೆಮರ, ಕೊಂಬೆ ಕೊಂಬೆಗೂ ಕೊಕ್ಕರೆ. ಕೆಳಗೆ ಮಂತ್ರಿಗಳ ಸಹಿ.

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಮೇಲೆ ಮರಿಗಳು ಕಿರುಚಿದವು.

“ಹೊಡೀರಿ ಬುದ್ಧಿ,” ಎಂದ ಜವರಯ್ಯ ಮೆತ್ತಗೆ. “ಕಟ್ಟಡ ಆದಮೇಲೆ ಉದ್ಘಾಟನೆಗೆ ಬಂದ ಮಂತ್ರಿಗಳು, ಚಿತ್ರದಲ್ಲಿದ್ದ ಮರ ಎಲ್ಲಿ ಅಂತ ಕೇಳಿದರೆ, ಎರಡನೇ ಏಟಿಂದ ಮುಂದಿಂದೆಲ್ಲ ನಂದೇ ಅಂತ ಒಪ್ಕೋತೀನಿ.”

ಸಾಹೇಬರು ಕೊಡಲಿ ಇಳಿಸಿದರು. ಜೇಬಿನಿಂದ ಪೆನ್ಸಿಲ್ ತೆಗೆದರು.

“ಹತ್ತು ಮಾರು ಅಂದೆಯಲ್ಲ, ಯಾವ ಕಡೆಗೆ?”