ಹುಲ್ಲುಕಡ್ಡಿಯಲ್ಲಿ ಅಳೆದ ದಾರಿ

ಮಕ್ಕಳೇ, ಬಯಲುಸೀಮೆಯ ಒಂದು ಕೆರೆಗೆ ಪ್ರತಿ ಚಳಿಗಾಲವೂ ಹೆಬ್ಬಾತುಗಳು ಬರುತ್ತಿದ್ದವು. ಬಿಸಿಲು ಏರತೊಡಗಿದಾಗ ಹಿಮಾಲಯದ ಆಚೆಗಿರುವ ತಮ್ಮ ಸರೋವರಕ್ಕೆ ಮರಳುತ್ತಿದ್ದವು. ಆ ಸರೋವರದ ನಡುವೆ ಪುಟ್ಟದೊಂದು ನಡುಗಡ್ಡೆ. ಅಲ್ಲಿ ಗೂಡು ಕಟ್ಟಿದರೆ ನರಿಯ ಕಾಟವಿಲ್ಲ. ಆದರೆ ಗಂಡು ಹೆಣ್ಣು ಜೊತೆಯಾಗಿ ಬಂದರೆ ಮಾತ್ರ ಜಾಗ, ಒಂಟಿ ಹಕ್ಕಿಗಿಲ್ಲ. ಹಾಗೆಂದು ಹಿರಿಯರ ಕಟ್ಟಳೆ.

ಹಿಂಡಿನಲ್ಲಿ ಭರಮಣ್ಣನೆಂಬ ಗಂಡು ಬಾತು ಇತ್ತು. ಒಳ್ಳೆಯವನೇ, ಆದರೆ ತನ್ನ ಲೆಕ್ಕವೇ ಲೆಕ್ಕ ಎನ್ನುವ ಜಾತಿ. ಕೆರೆ ದಂಡೆಯ ಶಾಲೆಯ ಸೂರಿನಲ್ಲಿ ಒಂದು ಗೊರವಂಕ ವಾಸವಾಗಿತ್ತು. ಅದು ಭರಮಣ್ಣನಿಗೆ ಹೇಳಿತು: "ಗೋಡೆಯ ನಕಾಶೆಯ ಮೇಲೆ ಹುಲ್ಲುಕಡ್ಡಿ ಇಟ್ಟು ಅಳೆದೆ. ನಿಮ್ಮೂರು ಇಲ್ಲಿಂದ ಆರುನೂರು ಹರದಾರಿ."

"ನಾನು ಗಂಟೆಗೆ ಹತ್ತು ಹರದಾರಿ ಹಾರುತ್ತೇನೆ. ಅಂದರೆ ಎರಡೂವರೆ ದಿನ!" ಎಂದು ಭರಮಣ್ಣ ಬೀಗಿದ. ಹೆಂಡತಿ ಗಿರಿಜವ್ವನ ಬಳಿ ಹೋಗಿ, "ಎರಡೂವರೆ ದಿನದ ದಾರಿಗೆ ತಿಂಗಳು ಮುಂಚೆ ಹೊರಡುವುದು ಯಾಕೆ? ಹೊಲದಲ್ಲಿ ಕಡಲೆ ಇನ್ನೂ ಇದೆ. ನೀನು ಹಿಂಡಿನ ಜೊತೆ ಹೋಗು. ಹುಣ್ಣಿಮೆಗೆ ಸರೋವರದ ಮಂಜು ಕರಗಿ ಗೂಡು ಕಟ್ಟುವುದು ಶುರುವಾಗುತ್ತದಲ್ಲ, ಆ ದಿನ ನಾನು ಅಲ್ಲಿರುತ್ತೇನೆ" ಎಂದ.

"ನೀವು ಬರದಿದ್ದರೆ ನನಗೆ ನಡುಗಡ್ಡೆಯಲ್ಲಿ ಜಾಗ ಕೊಡುವುದಿಲ್ಲರೀ" ಎಂದಳು ಗಿರಿಜವ್ವ.

"ಲೆಕ್ಕ ಹಾಕಿದ್ದೇನಲ್ಲ!"

ಹಿಂಡು ಹೊರಟಿತು. ಭರಮಣ್ಣ ಕಡಲೆ ತಿಂದು ಮೈ ಬೆಳೆಸಿದ. ಹುಣ್ಣಿಮೆಗೆ ಮೂರು ದಿನ ಇದೆ ಎನ್ನುವಾಗ ಹಾರಿದ. ಅರ್ಧ ದಿನ ಉಳಿತಾಯವೇ ಆಗುತ್ತದೆ ಎಂದುಕೊಂಡ.

ಮೊದಲ ಸಂಜೆಗೇ ರೆಕ್ಕೆ ಸೋತಿತು. ಹಿಂಡಿನಲ್ಲಿದ್ದರೆ ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ಹಾರಿ ಗಾಳಿ ಸೀಳುತ್ತಿದ್ದರು. ಈಗ ಇಡೀ ಗಾಳಿ ಇವನೊಬ್ಬನ ಎದೆಗೇ ಬಡಿಯಿತು. ಇಳಿಯೋಣವೆಂದರೆ ಬಿಸಿಲಿಗೆ ಕೆರೆಗಳು ಬತ್ತಿದ್ದವು. ನೀರು ಹುಡುಕುತ್ತ ದಾರಿ ಸುತ್ತಾಯಿತು, ಮೇವು ಹುಡುಕುತ್ತ ದಿನಗಳು ಕಳೆದವು. ಬೆಟ್ಟದ ಬುಡಕ್ಕೆ ಬಂದರೆ ಮೇಲೆ ಹಿಮಗಾಳಿ. ಅಲ್ಲಿ ಎಂಟು ದಿನ ಕಾಯಬೇಕಾಯಿತು. ಹುಲ್ಲುಕಡ್ಡಿಯ ಮೇಲೆ ಇದ್ಯಾವುದೂ ಇರಲಿಲ್ಲ.

ಇಪ್ಪತ್ತನೆಯ ದಿನ ಭರಮಣ್ಣ ಸರೋವರ ಮುಟ್ಟಿದ. ನಡುಗಡ್ಡೆ ತುಂಬಿಹೋಗಿತ್ತು. ಗಿರಿಜವ್ವ ದಡದ ಹುಲ್ಲಿನಲ್ಲಿ ಒಬ್ಬಳೇ ಕೂತಿದ್ದಳು.

"ನಾಲ್ಕು ಮೊಟ್ಟೆ ಇಟ್ಟಿದ್ದೆ. ಮೇಯಲು ಹೋದಾಗಲೆಲ್ಲ ನರಿ ಬಂತು" ಎಂದಳು. ಬೈಯಲಿಲ್ಲ. ಮೆಲ್ಲಗೆ ಸರಿದು ತೋರಿಸಿದಳು. ಒಂದೇ ಒಂದು ಉಳಿದಿತ್ತು.

ಭರಮಣ್ಣ ಲೆಕ್ಕದ ಮಾತೆತ್ತಲಿಲ್ಲ. ಮರಿ ಹೊರಬರುವವರೆಗೂ ಗೂಡು ಬಿಟ್ಟು ಕದಲಲಿಲ್ಲ.

ಚಳಿ ಶುರುವಾದಾಗ ಬೆಳೆದ ಮರಿ ಕೇಳಿತು: "ಅಪ್ಪಾ, ದಕ್ಷಿಣದ ಕೆರೆ ಎಷ್ಟು ದೂರ?"

"ದೂರ ಆಮೇಲೆ ಹೇಳುತ್ತೇನೆ, ಮಗಾ" ಎಂದ ಭರಮಣ್ಣ. "ಎಲ್ಲೆಲ್ಲಿ ಇಳಿಯಬೇಕು, ಅದನ್ನು ಮೊದಲು ಕೇಳಿಕೋ."

ನೀತಿ: ರೆಕ್ಕೆಯ ವೇಗವೊಂದನ್ನೇ ನಂಬಿ ದಾರಿಯನ್ನು ಅಳೆಯಬಾರದು; ಹಸಿವು, ದಣಿವು, ಎದುರುಗಾಳಿಗೂ ಸಮಯ ಎತ್ತಿಡಬೇಕು.