ಯಾವ ಗುರುಶಾಂತಪ್ಪ?

ಕೋಳಿ ಕದ್ದ ಗುರುಶಾಂತಪ್ಪ ಸಿಕ್ಕಿಬಿದ್ದ ಸುದ್ದಿ ಅಚ್ಚಾದ ದಿನವೇ, ರೈಸ್ ಮಿಲ್ ಸಾಹುಕಾರ ಗುರುಶಾಂತಪ್ಪ ಪತ್ರಿಕೆ ಆಫೀಸಿಗೆ ನುಗ್ಗಿದ.

“ಇನ್ಮೇಲೆ ಈ ಹೆಸರು ಬಂದಾಗಲೆಲ್ಲ ಕೆಳಗೆ ‘ಇವರು ರೈಸ್ ಮಿಲ್‌ನವರಲ್ಲ’ ಅಂತ ಹಾಕಬೇಕು. ಇಲ್ಲದಿದ್ರೆ ಕೋರ್ಟಿಗೆ ಎಳೀತೀನಿ!”

“ಆಗ್ಲಿ ಸಾಹುಕಾರ್ರೇ,” ಅಂದ ಗುಮಾಸ್ತ.

ತಿಂಗಳು ಕಳೆಯಿತು. ಗುರುಶಾಂತಪ್ಪ ಅನ್ನುವವರಿಗೆ ಸರ್ಕಾರದ ಪ್ರಶಸ್ತಿ ಬಂದಿದೆ ಅಂತ ರೇಡಿಯೋ ಹೇಳಿತು. ಜನ ಹಾರ ಹಿಡಿದು ಮಿಲ್ಲಿಗೆ ಬಂದರು. “ನೀವೇನಾ?” ಅಂತ ಕೇಳಿದರು. ಸಾಹುಕಾರ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮುಗುಳ್ನಕ್ಕು ಕುತ್ತಿಗೆ ಬಗ್ಗಿಸಿದ.

ಮರುದಿನದ ಪತ್ರಿಕೆಯಲ್ಲಿ ಪ್ರಶಸ್ತಿ ಸುದ್ದಿಯ ಕೆಳಗೆ ‘ಇವರು ರೈಸ್ ಮಿಲ್‌ನವರಲ್ಲ’ ಅಂತ ಬಂತು.

ಸಾಹುಕಾರ ಓಡಿಬಂದ. “ಒಳ್ಳೆ ಸುದ್ದಿಗೂ ಯಾಕಯ್ಯ ಹಾಕಿದೆ? ಅದಕ್ಕೆಲ್ಲ ಹಾಕಬೇಡ!”

ಗುಮಾಸ್ತ ತಲೆ ಕೆರೆದುಕೊಂಡ. “ಜಾಮೀನಿನ ಮೇಲೆ ಬಂದ ಆ ಕೋಳಿ ಕಳ್ಳನೂ ಈಗಷ್ಟೇ ಬಂದು, ಒಳ್ಳೆ ಸುದ್ದಿ ಕೆಳಗೆ ‘ಇವರು ಕೋಳಿ ಕಳ್ಳರಲ್ಲ’ ಅಂತ ಹಾಕಬೇಡಿ ಅಂತ ಕೇಳಿಕೊಂಡ, ಸಾಹುಕಾರ್ರೇ.”