ಅತಿಥಿ ಇಳಿಯದ ನೀರು

“ಬುದ್ಧಿ, ಎರಡು ಊರುಗಳು ಪಕ್ಕಪಕ್ಕದಲ್ಲೇ ಇದ್ದರೆ ರಾತ್ರಿ ಯಾವ ಊರಿನಲ್ಲಿ ಉಳಿಯಬೇಕು?” ಎಂದು ಮರುಳಯ್ಯ ಕೇಳಿದ.

ಗುರುಗಳಿಗೆ ನಗು ಬಂತು. ಇಂಥ ಪ್ರಶ್ನೆಗೆ ಮಠದವರೆಗೆ ಬರಬೇಕಾಗಿರಲಿಲ್ಲ, ಬಸ್ಸಿನ ಕಂಡಕ್ಟರನನ್ನು ಕೇಳಿದ್ದರೂ ಸಾಕಿತ್ತು. ಆದರೆ ಮರುಳಯ್ಯ ಹೊರಟಿದ್ದು ಜಪಾನಿಗೆ. ಅವನು ಮಠದ ಕಾಲೇಜಿನಲ್ಲಿ ವಚನ ಪಾಠ ಮಾಡುವವನು. ಅಲ್ಲಿನ ಒಂದು ಪಟ್ಟಣದಲ್ಲಿ ನಡೆಯುವ ಧರ್ಮಸಭೆಗೆ ಅವನಿಗೆ ಕರೆ ಬಂದಿತ್ತು. ಆ ಪಟ್ಟಣದ ಪಕ್ಕದಲ್ಲೇ, ರೈಲಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ, ಒಂದು ಚಿಕ್ಕ ಊರು. ಆ ಊರಿನಲ್ಲಿ ತೋಮೆ ಎಂಬ ಮುದುಕಿ ಇದ್ದಾಳೆ. ಹಿಂದೆ ಎರಡು ವರ್ಷ ಇದೇ ಮಠದಲ್ಲಿದ್ದು ಕನ್ನಡ ಕಲಿತು ಹೋದವಳು. ಮರುಳಯ್ಯ ವಿಷಮಜ್ವರದಲ್ಲಿ ಮಲಗಿದ್ದಾಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವಳು. ಅವನು ಬರುವ ಸುದ್ದಿ ಕೇಳಿ, ಒಂದು ರಾತ್ರಿಯಾದರೂ ನಮ್ಮ ಮನೆಯಲ್ಲಿರು ಎಂದು ಫೋನು ಮಾಡಿದ್ದಳು.

“ಹಗಲು ಹೋಗಿ ಮಾತಾಡಿಸಿಕೊಂಡು ಸಂಜೆಯೊಳಗೆ ಪಟ್ಟಣದ ಹೋಟೆಲಿಗೆ ಬಂದುಬಿಡೋಣ ಅಂತಿದ್ದೇನೆ ಬುದ್ಧಿ. ವಯಸ್ಸಾದ ಜೀವ. ನಾನು ಹೋಗಿ ಉಳಿದುಕೊಂಡರೆ ಅಡುಗೆ, ಹಾಸಿಗೆ ಅಂತ ಒದ್ದಾಡುತ್ತಾರೆ. ಸುಮ್ಮನೆ ಯಾಕೆ ಅವರಿಗೆ ತೊಂದರೆ ಕೊಡುವುದು?”

“ಹೋಟೆಲು ಚೆನ್ನಾಗಿದೆಯೋ?”

“ಚೆನ್ನಾಗಿದೆಯಂತೆ ಬುದ್ಧಿ” ಎಂದು ಮರುಳಯ್ಯ ತಲೆ ತಗ್ಗಿಸಿದ.

“ಕೂತುಕೋ. ಆ ತಾಯಿ ಇಲ್ಲಿದ್ದಾಗ ತಮ್ಮ ಕಡೆಯ ಕತೆಯೊಂದನ್ನು ಹೇಳಿದ್ದಳು. ಅದನ್ನು ಕೇಳಿಕೊಂಡು ಹೋಗು” ಎಂದು ಗುರುಗಳು ಶುರುಮಾಡಿದರು.

ಜಪಾನು ದೇಶದಲ್ಲಿ ಒಬ್ಬ ವ್ಯಾಪಾರಿ ಇದ್ದ. ಕಾಗದದ ವ್ಯಾಪಾರಿ. ಅವನನ್ನು ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಸಾಕಿದ್ದು ಅಕ್ಕ. ಅವಳೂ ಆಗ ಹುಡುಗಿಯೇ. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ನೀರು ಹೊತ್ತಳು, ಕಳೆ ಕಿತ್ತಳು. ದಿನಾ ಸಂಜೆ ಅವನಿಗೆ ಸ್ನಾನ ಮಾಡಿಸುತ್ತಿದ್ದಳು. ಕಿವಿಗೆ ನೀರು ಹೋಗದ ಹಾಗೆ ಎರಡು ಬೆರಳು ಅಡ್ಡ ಹಿಡಿಯುತ್ತಿದ್ದಳು. ಅವನು ಅಷ್ಟು ದೊಡ್ಡವನಾದರೂ, ತಲೆಗೆ ನೀರು ಬಿದ್ದಾಗಲೆಲ್ಲ ಆ ಎರಡು ಬೆರಳು ನೆನಪಾಗುತ್ತಿತ್ತು.

ಅಕ್ಕನನ್ನು ಬೆಟ್ಟದ ಮೇಲಿನ ಒಂದು ಹಳ್ಳಿಗೆ ಕೊಟ್ಟರು. ಅದು ಕಾಗದ ಮಾಡುವ ಹಳ್ಳಿ. ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆ ಸುಲಿದು, ಬೇಯಿಸಿ, ಜಜ್ಜಿ ಕಾಗದ ಮಾಡುತ್ತಾರೆ. ಅಕ್ಕನ ಗಂಡನದೂ ಅದೇ ಕೆಲಸ. ತಮ್ಮ ಬೆಳೆದು ಕಾಗದದ ವ್ಯಾಪಾರಕ್ಕೆ ಇಳಿದದ್ದಕ್ಕೆ ಇದೂ ಒಂದು ಕಾರಣ. ವರ್ಷಕ್ಕೊಮ್ಮೆಯಾದರೂ ಆ ಹಳ್ಳಿಗೆ ಹೋಗಬಹುದಲ್ಲ ಎಂದು ಅವನಿಗೆ ಆಸೆ.

ಆ ಹಳ್ಳಿಯಿಂದ ಒಂದು ಹರದಾರಿ ಕೆಳಗೆ ಇನ್ನೊಂದು ಊರಿತ್ತು. ಅಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತಿತ್ತು. ನೀರು ಪುಕ್ಕಟೆಯಾಗಿ ಕಾದು ಬಂದರೆ ಜನ ಬಿಡುತ್ತಾರೆಯೇ? ಬೀದಿಯುದ್ದಕ್ಕೂ ತಂಗುಮನೆಗಳು ಎದ್ದವು. ಹೇರುಕುದುರೆಗಳಿಗೆ ಲಾಯ, ಸರಕಿಗೆ ಕೋಣೆ, ಹೊತ್ತು ಹೊತ್ತಿಗೆ ಬಿಸಿ ಊಟ, ಬೇಕೆಂದಾಗ ಬುಗ್ಗೆಯ ಸ್ನಾನ. ವ್ಯಾಪಾರಿ ಮೊದಲ ವರ್ಷವೇ ಲೆಕ್ಕ ಹಾಕಿದ. ರಾತ್ರಿ ಕೆಳಗಿನ ಊರಿನಲ್ಲಿ ಮಲಗುವುದು, ಹಗಲು ಮೇಲಿನ ಹಳ್ಳಿಗೆ ಹೋಗಿಬರುವುದು.

ಅಕ್ಕನ ಮನೆಗೆ ಮೊದಲ ಸಲ ಹೋದಾಗ ಸಂಭ್ರಮದಲ್ಲಿ ಅವಳಿಗೆ ಕೈಕಾಲು ಆಡಲಿಲ್ಲ. ಒಂದು ಕೋಣೆಯ ಮನೆ. ಇದ್ದ ಒಂದು ಒಳ್ಳೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಳು. ಹಿತ್ತಲಿನಲ್ಲಿ ಸ್ನಾನದ ತೊಟ್ಟಿಗೆ ನೀರು ತುಂಬಿಸುತ್ತಿದ್ದಳು.

ಅವರ ಕಡೆಯ ಸ್ನಾನ ನಮ್ಮ ಹಾಗಲ್ಲ, ಮರುಳಯ್ಯ. ಮೈ ತೊಳೆದುಕೊಂಡು, ಆಮೇಲೆ ಬಿಸಿನೀರು ತುಂಬಿದ ಮರದ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಳಿದು ಕೂರುತ್ತಾರೆ. ಮನೆಮಂದಿಗೆಲ್ಲ ಒಂದೇ ನೀರು. ಒಬ್ಬರಾದ ಮೇಲೆ ಒಬ್ಬರು. ಮನೆಗೆ ಅತಿಥಿ ಬಂದರೆ ಮೊದಲ ನೀರು ಅವನದು. ಅವನು ಇಳಿದು ಎದ್ದ ಮೇಲೆಯೇ ಮನೆಯವರು ಇಳಿಯುವುದು. ಅಲ್ಲಿಯವರೆಗೆ ನೀರಿಗೆ ಬೆರಳು ಕೂಡ ಹಾಕುವುದಿಲ್ಲ.

ತಮ್ಮ ಹಿತ್ತಲಿಗೆ ಹೋಗಿ ನೋಡಿದ. ತೊಟ್ಟಿ ಹಳೆಯದು. ಹಲಗೆಗಳ ಸಂದಿಯಲ್ಲಿ ನೀರು ಸೋರುತ್ತಿತ್ತು. ಪಕ್ಕದಲ್ಲಿ ಸೌದೆಯ ಸಣ್ಣ ಗುಡ್ಡೆ. ತೊಗಟೆ ಬೇಯಿಸುವುದಕ್ಕೆಂದು ಅಕ್ಕ ಬೆಟ್ಟದಿಂದ ಬೆನ್ನ ಮೇಲೆ ಹೊತ್ತು ತಂದದ್ದು. ಅವನಿಗೆ ಸಂಕಟವಾಯಿತು. ನಾನೊಬ್ಬ ಉಳಿದರೆ ಇದರಲ್ಲಿ ಒಂದು ಹೊರೆ ಹೋಯಿತು ಎಂದುಕೊಂಡ. ಆ ಸಂಕಟವನ್ನು ಸಂಕಟವೆಂದೇ ಹೇಳಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನು ತಮಾಷೆ ಮಾಡಿದ.

“ಅಕ್ಕ, ಈ ತೊಟ್ಟಿಯಲ್ಲಿ ಕೂತರೆ ಮೈ ನೆನೆಯುವ ಮೊದಲೇ ನೀರು ಖಾಲಿ. ನಾನು ಕೆಳಗೇ ಮಲಗುತ್ತೇನೆ ಬಿಡು.”

ಅಕ್ಕನೂ ನಕ್ಕಳು. ಭಾವನೂ ನಕ್ಕ. ತಮ್ಮ ಟೋಪಿ ಹಾಕಿಕೊಂಡು ಬೆಟ್ಟ ಇಳಿದ. ಅಕ್ಕನಿಗೆ ಭಾರ ಕೊಡಲಿಲ್ಲವೆಂದು ಮನಸ್ಸು ಹಗುರವಾಗಿತ್ತು. ಬುಗ್ಗೆಯ ನೀರೂ ಹಿತವಾಗಿತ್ತು. ಎರಡರಲ್ಲಿ ಯಾವುದು ಹೆಚ್ಚು ಹಿತವೆಂದು ಅವನು ವಿಚಾರಿಸಲು ಹೋಗಲಿಲ್ಲ.

ಆ ಚಳಿಗಾಲ ಅಕ್ಕ ಮನೆಯ ಪಾಲಿನ ಕಾಗದದ ಜೊತೆಗೆ ಇನ್ನೊಂದಿಷ್ಟು ಕಾಗದ ಮಾಡಿದಳು. ಹಿಮದ ನೀರಿನಲ್ಲಿ ತೊಗಟೆ ತೊಳೆದು ತೊಳೆದು ಬೆರಳುಗಳು ಒಡೆದವು. ಆ ಕಾಗದವನ್ನು ತೊಟ್ಟಿ ಮಾಡುವವನಿಗೆ ಕೊಟ್ಟು ಹೊಸ ತೊಟ್ಟಿ ಮಾಡಿಸಿದಳು. ಒಳ್ಳೆಯ ಮರ, ಬಿಳಿಯ ಹಲಗೆ, ಬಿದಿರಿನ ಪಟ್ಟಿ. ಒಂದು ಹನಿ ಸೋರುವುದಿಲ್ಲ. ಗಂಡ ಅದರಲ್ಲಿ ಇಳಿಯಲು ಹೋದಾಗ, “ಇದರ ಮೊದಲ ನೀರು ನನ್ನ ತಮ್ಮನದು. ಅವನು ಇಳಿಯಲಿ, ಆಮೇಲೆ ನಾವು” ಎಂದು ತಡೆದಳು. ಗಂಡ ಒಳ್ಳೆಯವನು. ಹಳೆಯ ತೊಟ್ಟಿಯ ಸಂದಿಗೆ ಚಿಂದಿ ತುರುಕಿ ಅದರಲ್ಲೇ ಸ್ನಾನ ಮಾಡಿದ.

ತಮ್ಮ ಮುಂದಿನ ವರ್ಷ ಬಂದ. ಅಕ್ಕ ತೊಟ್ಟಿಯ ಸುದ್ದಿ ಎತ್ತಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಅವನ ಕಣ್ಣರಳುವುದನ್ನು ನೋಡಬೇಕೆಂದಿದ್ದಳು.

“ಈ ಸಲ ಸ್ನಾನ ಮಾಡಿಕೊಂಡೇ ಹೋಗು ತಮ್ಮ.”

“ಬೆಳಿಗ್ಗೆ ಬುಗ್ಗೆಯಲ್ಲಿ ಮಿಂದೇ ಬಂದೆ ಅಕ್ಕ. ನಿನಗೆ ಯಾಕೆ ಸುಮ್ಮನೆ ತೊಂದರೆ?”

ಅವನ ಮೈಯಿಂದ ಬುಗ್ಗೆಯ ಗಂಧಕದ ವಾಸನೆ ಬರುತ್ತಿತ್ತು. ಎತ್ತಿ ಸಾಕಿದವಳು ಎರಡನೇ ಸಲ ಬೇಡಿಕೊಳ್ಳುವುದಿಲ್ಲ. ಅದು ಅವಳ ಬಿಂಕ. ನನ್ನ ತಮ್ಮ ದೊಡ್ಡವನಾಗಿದ್ದಾನೆ, ನಮ್ಮ ನೀರು ಅವನಿಗೆ ಆಗಿಬರುವುದಿಲ್ಲ ಎಂದುಕೊಂಡಳು. ಅವನು, ಅಕ್ಕನ ಸೌದೆ ಉಳಿಯಿತು ಎಂದುಕೊಂಡ. ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ಬಯಸಿದರು, ಮರುಳಯ್ಯ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಅದಕ್ಕೇ ಈ ಕತೆ ಹೇಳುವಾಗ ನನಗೆ ಕಷ್ಟವಾಗುತ್ತದೆ.

ಹೀಗೇ ವರ್ಷಗಳು ಹೋದವು. ತಮ್ಮ ಬರುವ ದಿನ ಅಕ್ಕ ಮಧ್ಯಾಹ್ನವೇ ಹೊಸ ತೊಟ್ಟಿ ತುಂಬಿಸಿ ಬೆಂಕಿ ಹಾಕುವಳು. ಬಾಯಿಬಿಟ್ಟು ಕರೆಯುತ್ತಿರಲಿಲ್ಲ. ಹೊತ್ತು ಇಳಿಯುವವರೆಗೆ ಅವನಾಗಿಯೇ ಕೂತಿದ್ದರೆ, ನೀರು ಕಾದಿದೆ ಬಾ ಎನ್ನಬಹುದೆಂದು ಕಾಯುವಳು. ಹೊತ್ತು ಇಳಿಯುವ ಮುಂಚೆ ಅವನು ಹಿತ್ತಲಿಗೆ ಕಾಲಿಡದೆಯೇ ಟೋಪಿಗೆ ಕೈ ಹಾಕುವನು. ಬೆಟ್ಟ ಇಳಿಯುತ್ತ ತಿರುಗಿ ನೋಡಿದರೆ ಅಕ್ಕನ ಹಿತ್ತಲಿನಿಂದ ಹೊಗೆ ಏಳುತ್ತಿರುವುದು ಕಾಣುತ್ತಿತ್ತು. ಪಾಪ, ನಾನು ಎದ್ದು ಬಂದದ್ದೇ ತಡ, ತೊಗಟೆ ಬೇಯಿಸಲು ಕೂತಳು ಎಂದು ಮರುಗುತ್ತಿದ್ದ. ಆ ಹೊಗೆ ತನ್ನ ಸ್ನಾನದ ನೀರಿನದೆಂದು ಅವನಿಗೆ ಹೊಳೆಯಲಿಲ್ಲ. ಹಾಗೆ ಕಾದ ನೀರನ್ನು ಅಕ್ಕ ಬಟ್ಟೆ ಒಗೆಯಲು ತೋಡಿಕೊಳ್ಳುವಳು. ಅತಿಥಿ ಇಳಿಯದ ನೀರಿಗೆ ಅವಳು ಇಳಿಯಲಿಲ್ಲ.

ಒಂದು ವರ್ಷ ವ್ಯಾಪಾರಿ ಕೆಳಗಿನ ಊರಿಗೆ ಬಂದು ಸೇರುವಷ್ಟರಲ್ಲಿ ತಂಗುಮನೆಗಳೆಲ್ಲ ಭರ್ತಿಯಾಗಿದ್ದವು. ಯಾವನೋ ದೊರೆ ಪರಿವಾರ ಸಮೇತ ಸ್ನಾನಕ್ಕೆ ಬಂದು ಇಳಿದಿದ್ದ. ಲಾಯದಲ್ಲಿ ಕುದುರೆಗೆ ಜಾಗ ಸಿಕ್ಕಿತೇ ಹೊರತು ಇವನಿಗೆ ಸಿಗಲಿಲ್ಲ. ಗೊಣಗುತ್ತಲೇ ಬೆಟ್ಟ ಹತ್ತಿದ. ಹತ್ತುತ್ತ ಹತ್ತುತ್ತ ಗೊಣಗಾಟ ನಿಂತಿತು. ಒಂದು ರಾತ್ರಿ ತಾನೇ, ಅಕ್ಕನಿಗೆ ಏನೂ ಮಾಡಬೇಡ ಎಂದರಾಯಿತು ಅನ್ನಿಸಿತು. ಇನ್ನೂ ಸ್ವಲ್ಪ ಹತ್ತಿದ ಮೇಲೆ, ತಲೆಗೆ ಅವಳೇ ನೀರು ಹಾಕಲಿ ಎಂದೂ ಅನ್ನಿಸಿತು. ಅವನಿಗೆ ತನ್ನ ಮೇಲೆ ತನಗೇ ನಗು ಬಂತು. ತಲೆಯ ಕೂದಲು ಆಗಲೇ ಬೆಳ್ಳಗಾಗಿತ್ತು.

ತಿರುವಿಗೆ ಬಂದು ನೋಡಿದ. ಅಕ್ಕನ ಹಿತ್ತಲಿನಲ್ಲಿ ಹೊಗೆ ಇರಲಿಲ್ಲ.

ಭಾವ ಅಂಗಳದಲ್ಲಿ ಒಬ್ಬನೇ ಕಾಗದ ಒಣಗಿಸುವ ಹಲಗೆಗಳನ್ನು ತೊಳೆಯುತ್ತಿದ್ದ. ಇವನನ್ನು ನೋಡಿ ಎದ್ದು ನಿಂತ. ಕೈ ಒರೆಸಿಕೊಂಡ. ಮತ್ತೆ ಮತ್ತೆ ಒರೆಸಿಕೊಂಡ.

“ಚಳಿಗಾಲದಲ್ಲಿ ಹೋಗಿಬಿಟ್ಟಳು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತ್ತು. ಹೇಳಿ ಕಳಿಸಲಿಕ್ಕಾಗಲಿಲ್ಲ. ಆಮೇಲೆ, ಹೇಗೂ ನೀನು ಬರುವ ಕಾಲವಾಯಿತಲ್ಲ ಎಂದು ಸುಮ್ಮನಿದ್ದೆ” ಎಂದ.

ವ್ಯಾಪಾರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅಕ್ಕನಿಲ್ಲದ ಮನೆಯಲ್ಲಿ ಅವನು ಯಾವತ್ತೂ ನಿಂತಿರಲಿಲ್ಲ. ಹಿತ್ತಲಿಗೆ ನಡೆದ. ಗೋಡೆಗೆ ಒರಗಿಸಿಟ್ಟ ಹಲಗೆಗಳು ಕಂಡವು. ಬಿದಿರಿನ ಪಟ್ಟಿಗಳನ್ನು ಬಿಚ್ಚಿ ಪಕ್ಕದಲ್ಲಿಟ್ಟಿತ್ತು. ಮರ ಇನ್ನೂ ಬೆಳ್ಳಗೇ ಇತ್ತು.

“ಇದೇನು ಭಾವ? ಹೊಸ ತೊಟ್ಟಿಯ ಹಾಗಿದೆ. ಯಾಕೆ ಬಿಚ್ಚಿದಿರಿ?”

“ನೀನು ಸೋರುತ್ತದೆ ಅಂದೆಯಲ್ಲ, ಆ ಚಳಿಗಾಲದಲ್ಲೇ ನಿನಗಾಗಿ ಮಾಡಿಸಿದ್ದು. ಹೋದವರಿಗೆ ಕೊನೆಯ ಸ್ನಾನ ಮಾಡಿಸಬೇಕಲ್ಲ? ಹಳೆಯದರಲ್ಲಿ ನೀರು ನಿಲ್ಲಲಿಲ್ಲ. ಇದರಲ್ಲಿ ಮಾಡಿಸಿದೆವು. ಹೋದವರು ಇಳಿದ ತೊಟ್ಟಿಗೆ ಬದುಕಿರುವವರು ಇಳಿಯಬಾರದು. ನಮ್ಮ ಹಳ್ಳಿಯ ಪದ್ಧತಿ. ಅದಕ್ಕೇ ಬಿಚ್ಚಿಟ್ಟೆ.”

“ಬದುಕಿರುವಾಗ ಅವಳು ಇದರಲ್ಲಿ...” ಎಂದು ಕೇಳಹೋದ ವ್ಯಾಪಾರಿ ಒಂದು ಹಲಗೆಯ ಮೇಲೆ ಕೈಯಿಟ್ಟ.

“ಎಲ್ಲಿಂದ ಬಂತು? ನೀನು ಇಳಿಯಬೇಕಿತ್ತಲ್ಲ ಮೊದಲು” ಎಂದ ಭಾವ. ಹಂಗಿಸಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ವ್ಯಾಪಾರಿ ಹಲಗೆಗಳ ಮುಂದೆ ಕುಸಿದು ಕೂತ. ಪ್ರತಿವರ್ಷ ತಿರುಗಿ ನೋಡಿ ಮರುಗಿದ್ದ ಆ ಹೊಗೆ ಯಾವುದೆಂದು ಅವನಿಗೆ ಆಗ ತಿಳಿಯಿತು. ಮಕ್ಕಳ ಹಾಗೆ ಅತ್ತ.

ಭಾವ ಅವನನ್ನು ಕದಲಿಸಲಿಲ್ಲ. ಸೌದೆ ತಂದ. ಹಳೆಯ ತೊಟ್ಟಿಯ ಸಂದಿಗಳಿಗೆ ಚಿಂದಿ ತುರುಕಿದ. ನೀರು ತುಂಬಿಸಿ, ಬೆಂಕಿ ಹಾಕಿ, ಕಾದ ಮೇಲೆ ಬಂದು ಕರೆದ. “ಇವತ್ತು ಇಲ್ಲೇ ಇರುತ್ತೀಯಲ್ಲ, ಇಳಿ. ನೀನಾದ ಮೇಲೆ ನಾನು.”

ಅಂದು ವ್ಯಾಪಾರಿ ಅಕ್ಕನ ಮನೆಯಲ್ಲಿ ಉಳಿದ. ಸೋರುವ ತೊಟ್ಟಿಯಲ್ಲಿ ಇಳಿದು ಕೂತ. ನೀರು ಕುತ್ತಿಗೆಯವರೆಗೆ ಇತ್ತು, ಎದೆಗೆ ಬಂತು, ಸೊಂಟಕ್ಕೆ ಬಂತು. ಅವನು ತನ್ನ ಎರಡು ಬೆರಳನ್ನು ತಾನೇ ಕಿವಿಗೆ ಅಡ್ಡ ಹಿಡಿದು ತಲೆಗೆ ನೀರು ಹಾಕಿಕೊಂಡ. ತೊಟ್ಟಿ ಖಾಲಿಯಾದರೂ ಏಳಲಿಲ್ಲ. ಹೊರಗೆ ಭಾವ ಭುಜದ ಮೇಲೆ ಬಟ್ಟೆ ಹಾಕಿಕೊಂಡು ತನ್ನ ಸರದಿಗೆ ಕಾಯುತ್ತಿದ್ದ. ಅವನಿಗೆ ನೀರು ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಅದು ಸರಿ ಬುದ್ಧಿ. ಆದರೂ ತೋಮೆ ತಾಯಿಗೆ ಮಂಡಿನೋವು. ಮನೆಯಲ್ಲಿ ಒಬ್ಬರೇ. ನಾನು ಉಳಿದರೆ ಅವರಿಗೆ ಕಷ್ಟವಾಗುವುದಂತೂ ನಿಜ ತಾನೇ?”

“ನಿಜ. ಆದರೆ ನೀನು ಬರುತ್ತೀಯೆಂದು ತಿಳಿದ ಮೇಲೆ ಆ ತಾಯಿ ಮೊದಲ ನೀರು ನಿನಗೆಂದೇ ಇಟ್ಟಿದ್ದಾಳೆ. ಇನ್ನೂ ಅವಳ ಸ್ನಾನವಾಗಿಲ್ಲ, ಮರುಳಯ್ಯ.”